ಖಿನ್ನತೆಯ ದಿನಗಳಿಗೆ ಒಂದು ನೋಟ್‌ಬುಕ್: ಏನು ಬರೆಯಬೇಕು, ಏನು ಬೇಡ

ಡಿಪ್ರೆಶನ್ ಇದ್ದವರಿಗೆ "ಡೈರಿ ಬರೀರಿ" ಎಂದು ಹೇಳುವವರು ಬಹಳ ಜನ. "ಮನಸ್ಸಲ್ಲಿ ಇರೋದನ್ನೆಲ್ಲ ಬರೆದುಬಿಡಿ, ಹಗುರಾಗುತ್ತೆ" ಅನ್ನುತ್ತಾರೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಖಿನ್ನತೆ ಹಿಡಿದಾಗ ಮನಸ್ಸಿನಲ್ಲಿ ಇರುವುದಾದರೂ ಏನು? "ನನ್ನ ಕೈಲಿ ಏನೂ ಆಗಲ್ಲ." "ಮನೆಯವರಿಗೆಲ್ಲ ನಾನೇ ಭಾರ." "ಯಾಕೆ ಹೀಗಾಯ್ತು?" ಇದನ್ನೇ ದಿನಾ ಎರಡು ಪುಟ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ವರ್ಷಗಟ್ಟಲೆ ಇದೇ ವಿಷಯದ ಮೇಲೆ ಕೆಲಸ ಮಾಡಿದರು. ತಮ್ಮ ದುಃಖವನ್ನೇ, ಅದರ ಕಾರಣವನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಾ ಕೂರುವವರಿಗೆ ಖಿನ್ನತೆ ಜಾಸ್ತಿ ದಿನ ಉಳಿಯುತ್ತದೆ, ಜೋರಾಗಿಯೂ ಇರುತ್ತದೆ ಎಂದು ಅವರು ತೋರಿಸಿದರು. ತಲೆಯೊಳಗೆ ಸುತ್ತುತ್ತಿರುವುದನ್ನು ಹಾಳೆಯ ಮೇಲೂ ಸುತ್ತಿಸಿದರೆ ಸುತ್ತು ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ಹೇಳಹೊರಟಿರುವ ಬರವಣಿಗೆ ಬೇರೆ ಥರದ್ದು. ಇವತ್ತು ಏನು ಮಾಡಿದಿರಿ, ಮಾಡಿದಮೇಲೆ ಹೇಗನ್ನಿಸಿತು, ನಾಳೆ ಮಾಡುವ ಒಂದು ಸಣ್ಣ ಕೆಲಸ ಯಾವುದು, ಇಷ್ಟೇ. ಹಳೇ ಕಾಲದ ಅಂಗಡಿಯವರ ಕಿರ್ದಿ ಪುಸ್ತಕದಂತೆ ಅಂದುಕೊಳ್ಳಿ: ಬಂದದ್ದು, ಹೋದದ್ದು, ತಾರೀಕು. ಐದು ನಿಮಿಷ ಸಾಕು. ಚೆನ್ನಾಗಿ ಬರೆಯಲು ಬರಬೇಕೆಂದೇನೂ ಇಲ್ಲ.

ಶುರು ಮಾಡುವ ಮೊದಲು

ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಖಿನ್ನತೆ ಹಾಗಲ್ಲ. ಕನಿಷ್ಠ 2 ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿರುತ್ತದೆ. ಇಲ್ಲವೇ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಜೊತೆಗೆ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ ಅಥವಾ ಅತಿಯಾಗುತ್ತದೆ. ಸುಮ್ನೆ ಕೂತಿದ್ದರೂ ಸುಸ್ತು. ಪೇಪರ್‌ನ ಒಂದು ಸುದ್ದಿಯನ್ನೂ ಪೂರ್ತಿ ಓದಲು ಆಗುವುದಿಲ್ಲ. ಎಲ್ಲಕ್ಕೂ ತನ್ನದೇ ತಪ್ಪು ಅನ್ನಿಸುತ್ತದೆ. ಸತ್ತರೆ ಚೆನ್ನಾಗಿತ್ತು ಎಂಬ ಯೋಚನೆಯೂ ಬರಬಹುದು.

ನಮ್ಮಲ್ಲಿ ಎಷ್ಟೋ ಜನ ಇದನ್ನು ಮನಸ್ಸಿನ ತೊಂದರೆ ಎಂದು ಹೇಳುವುದೇ ಇಲ್ಲ. ಮೈಕೈ ನೋವು, ತಲೆಭಾರ, ಗ್ಯಾಸ್ಟ್ರಿಕ್, ನಿಶ್ಶಕ್ತಿ ಎಂದೇ ಡಾಕ್ಟರ ಹತ್ತಿರ ಹೋಗುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆಯುವುದೇ ಇಲ್ಲ.

ಥೈರಾಯ್ಡ್ ಏರುಪೇರು, ರಕ್ತಹೀನತೆ, ವಿಟಮಿನ್ ಬಿ12 ಕೊರತೆ ಇದ್ದರೂ ಹೀಗೆಯೇ ಮಂಕು ಕವಿಯಬಹುದು. ಒಂದು ರಕ್ತಪರೀಕ್ಷೆ ಮಾಡಿಸಿಬಿಡುವುದು ಒಳ್ಳೆಯದು. ಖಿನ್ನತೆ ಸ್ವಲ್ಪವೇ ಇದ್ದರೆ ಈ ಬರವಣಿಗೆಯಿಂದಲೇ ಒಂದಷ್ಟು ದಾರಿ ಸಾಗಬಹುದು. ಸ್ನಾನ, ಊಟ, ಕೆಲಸ ಎಲ್ಲಕ್ಕೂ ಕುತ್ತು ಬಂದಿದ್ದರೆ ಚಿಕಿತ್ಸೆ ಬೇಕೇ ಬೇಕು. ಆಗ ನೋಟ್‌ಬುಕ್ ಆ ಚಿಕಿತ್ಸೆಯ ಜೊತೆಗಿರುವ ಒಂದು ಕೈಯಾಸರೆ, ಅಷ್ಟೇ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಬರೆದಿಟ್ಟು ಸುಮ್ಮನಾಗಬೇಡಿ. ಒಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಯೋಚನೆ ಹೋಗಿ ತಯಾರಿಯ ಮಟ್ಟಕ್ಕೆ ಬಂದಿದ್ದರೆ 112ಕ್ಕೆ ಫೋನ್ ಮಾಡಿ, ಇಲ್ಲವೇ ಯಾರನ್ನಾದರೂ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಪುಸ್ತಕ ಆಮೇಲೆ ನೋಡೋಣ.

ಹೆಜ್ಜೆ 1: ಪುಸ್ತಕ, ಪೆನ್ನು, ಜಾಗ

ಮಕ್ಕಳು ಸ್ಕೂಲಿಗೆ ಒಯ್ಯುವ 100 ಪುಟದ ನೋಟ್‌ಬುಕ್ ಸಾಕು. ಚರ್ಮದ ಹೊದಿಕೆಯ ಚೆಂದದ ಡೈರಿ ತಂದರೆ ಅದರಲ್ಲಿ ಚೆಂದದ್ದನ್ನೇ ಬರೆಯಬೇಕು ಅನ್ನಿಸುತ್ತದೆ. ತಾರೀಕು ಅಚ್ಚಾಗಿರುವ ಡೈರಿ ಅಂತೂ ಬೇಡವೇ ಬೇಡ. ನಾಲ್ಕು ದಿನ ಬಿಟ್ಟರೆ ನಾಲ್ಕು ಖಾಲಿ ಪುಟ ನಿಮ್ಮನ್ನೇ ದುರುಗುಟ್ಟಿ ನೋಡುತ್ತವೆ. ಖಿನ್ನತೆ ಇರುವವರಿಗೆ ತಪ್ಪಿತಸ್ಥರ ಭಾವ ಮೊದಲೇ ಜಾಸ್ತಿ, ಅಂಗಡಿಯಿಂದ ಇನ್ನಷ್ಟು ಕೊಂಡು ತರುವುದು ಯಾಕೆ?

ಮನೆ ತುಂಬ ಜನ ಇರುವಲ್ಲಿ ಪುಸ್ತಕ ಯಾರ ಕೈಗೂ ಸಿಗಬಾರದು ಎಂಬ ಅಳುಕು ಇದ್ದೇ ಇರುತ್ತದೆ. ಅತ್ತೆ ಓದಿದರೆ? ಹಾಸ್ಟೆಲ್ ರೂಮ್‌ಮೇಟ್ ಓದಿದರೆ? ಆ ಅಳುಕು ಇದ್ದರೆ ನಿಜ ಬರೆಯಲು ಕೈ ಬರುವುದಿಲ್ಲ. ಹಾಲಿನ ಲೆಕ್ಕ, ದಿನಸಿ ಚೀಟಿ ಬರೆಯುವ ಪುಸ್ತಕದ ಹಿಂದಿನ ಪುಟಗಳಿಂದ ಶುರು ಮಾಡಿ, ಯಾರೂ ಅಲ್ಲಿ ಕಣ್ಣು ಹಾಯಿಸುವುದಿಲ್ಲ. ಫೋನಿನ ನೋಟ್ಸ್‌ಗೆ ಲಾಕ್ ಹಾಕಿಕೊಂಡು ಅಲ್ಲೇ ಬರೆದರೂ ಆಯಿತು. ನನಗೆ ಕಾಗದವೇ ವಾಸಿ ಅನ್ನಿಸುತ್ತದೆ. ಫೋನ್ ತೆಗೆದರೆ ಐದು ನಿಮಿಷದ ಬರವಣಿಗೆ ಮುಕ್ಕಾಲು ಗಂಟೆಯ ರೀಲ್ಸ್ ಆಗುತ್ತದೆ, ಅಲ್ವಾ?

ಭಾಷೆ ನೀವು ಮಾತಾಡುವುದೇ ಇರಲಿ. ಧಾರವಾಡದವರು ಧಾರವಾಡದ ಹಾಗೆ, ಕುಂದಾಪುರದವರು ಕುಂದಾಪುರದ ಹಾಗೆ ಬರೆಯಿರಿ. ಕಾಗುಣಿತ ತಪ್ಪಿದರೆ ತಪ್ಪಲಿ.

ಹೆಜ್ಜೆ 2: ಹೊತ್ತು

ಸಂಜೆ ಅಥವಾ ರಾತ್ರಿ ಊಟವಾದ ಕೂಡಲೇ. ಬೆಳಿಗ್ಗೆ ಎದ್ದ ತಕ್ಷಣ ಮೂರು ಪುಟ ಬರೆಯಿರಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಬೇರೆಯವರಿಗೆ ಅದು ಸರಿ ಇರಬಹುದು. ಆದರೆ ಖಿನ್ನತೆ ಇರುವ ಎಷ್ಟೋ ಜನರಿಗೆ ದಿನದಲ್ಲಿ ಬೆಳಗಿನ ಹೊತ್ತೇ ಅತಿ ಕಷ್ಟದ್ದು. ನಾಲ್ಕು ಗಂಟೆಗೇ ಎಚ್ಚರವಾಗುತ್ತದೆ, ಎದೆ ಮೇಲೆ ಕಲ್ಲು ಹೇರಿದಂತೆ ಇರುತ್ತದೆ. ಸಂಜೆಯಾಗುತ್ತಾ ಸ್ವಲ್ಪ ಸಡಿಲವಾಗುತ್ತದೆ. ಅತಿ ಕಷ್ಟದ ಹೊತ್ತಿನಲ್ಲಿ ಪೆನ್ನು ಹಿಡಿದರೆ ಆ ಹೊತ್ತಿನ ಬಣ್ಣವೇ ಪುಟಕ್ಕೆಲ್ಲ ಬರುತ್ತದೆ.

ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಇದನ್ನು ಅಂಟಿಸಿಬಿಡಿ. ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತೀರಾ? ಆ ಡಬ್ಬಿಯ ಪಕ್ಕದಲ್ಲೇ ಪುಸ್ತಕ ಇರಲಿ. ಹಾಸಿಗೆಯಲ್ಲಿ ಮಲಗಿಕೊಂಡು ಮಾತ್ರ ಬರೆಯಬೇಡಿ. ಹಾಸಿಗೆ ನಿದ್ದೆಗೆ ಇರಲಿ.

ಹೆಜ್ಜೆ 3: ಮೂರು ಸಾಲು

ಮೊದಲ ವಾರ ಇಷ್ಟು ಮಾತ್ರ. ಇವತ್ತು ಮಾಡಿದ ಮೂರು ಕೆಲಸ, ಒಂದೊಂದು ಸಾಲು. ದೊಡ್ಡ ಕೆಲಸ ಹುಡುಕಬೇಡಿ. ಉದಾಹರಣೆಗೆ ಒಂದು ಪುಟ ಹೀಗಿರಬಹುದು:

ಮಂಗಳವಾರ.
10 ಗಂಟೆಗೆ ಎದ್ದೆ. ಕಾಫಿ ಮಾಡ್ಕೊಂಡು ಮೆಟ್ಟಿಲ ಮೇಲೆ ಕೂತು ಕುಡಿದೆ.
ಮಧ್ಯಾಹ್ನ ಅನ್ನ ಮೊಸರು. ಅರ್ಧ ಬಿಟ್ಟೆ.
ಸಂಜೆ ಅಮ್ಮ ಫೋನ್ ಮಾಡಿದ್ಲು. ಎರಡು ನಿಮಿಷ ಮಾತಾಡಿದೆ.

ಇಷ್ಟೇನಾ? ಹೌದು, ಇಷ್ಟೇ. ಒಂದೇ ಒಂದು ನಿಯಮ ಇದೆ: ಎಲ್ಲಿ, ಯಾವಾಗ, ಯಾರ ಜೊತೆ ಎಂಬುದು ಸಾಲಿನಲ್ಲಿ ಬರಬೇಕು. "ಇಡೀ ದಿನ ಹಾಳಾಯ್ತು" ಎಂದು ಬರೆದರೆ ಅದು ಲೆಕ್ಕಕ್ಕಿಲ್ಲ. "ಮಧ್ಯಾಹ್ನ 2ರಿಂದ 5ರವರೆಗೆ ಗೋಡೆ ನೋಡ್ತಾ ಮಲಗಿದ್ದೆ" ಎಂದು ಬರೆದರೆ ಅದು ಸಾಲು.

ಈ ನಿಯಮಕ್ಕೆ ಕಾರಣ ಇದೆ. 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ ಮತ್ತು ಅವರ ಸಹೋದ್ಯೋಗಿ ಒಂದು ವಿಷಯ ಗಮನಿಸಿದರು. ಸಾಯಲು ಯತ್ನಿಸಿ ಆಸ್ಪತ್ರೆ ಸೇರಿದ್ದವರಿಗೆ ಒಂದೊಂದು ಪದ ಕೊಟ್ಟು, ಅದಕ್ಕೆ ಸಂಬಂಧಿಸಿದ ಒಂದು ನಿರ್ದಿಷ್ಟ ಘಟನೆ ನೆನಪಿಸಿಕೊಳ್ಳಿ ಎಂದರೆ ಅವರಿಗೆ ಅದು ಕಷ್ಟವಾಗುತ್ತಿತ್ತು. ಸಿಗುತ್ತಿದ್ದುದು ಒಟ್ಟಾರೆ ಮಾತು. ಮುಂದೆ ಖಿನ್ನತೆ ಇರುವವರಲ್ಲೂ ಇದೇ ಕಂಡುಬಂತು. ಅಂದರೆ "ನೀನು ಕಡೇ ಸಲ ನಕ್ಕಿದ್ದು ಯಾವಾಗ?" ಎಂದು ಕೇಳಿದರೆ "ಮೊದಲೆಲ್ಲ ನಗ್ತಿದ್ದೆ, ಈಗ ಇಲ್ಲ" ಎಂದು ಬರುತ್ತದೆ. "ಕಳೆದ ಶನಿವಾರ ತಮ್ಮನ ಮಗ ಚಪ್ಪಲಿ ಅದಲುಬದಲು ಹಾಕಿಕೊಂಡಾಗ ನಕ್ಕೆ" ಎಂಬುದು ನೆನಪಿಗೇ ಬರುವುದಿಲ್ಲ. ನಡೆದಿಲ್ಲ ಎಂದಲ್ಲ. ನಡೆದದ್ದು ಕೈಗೆ ಸಿಗುವುದಿಲ್ಲ. ಪುಸ್ತಕ ಇರುವುದು ಮುಖ್ಯವಾಗಿ ಇದಕ್ಕೇ.

"ಯಾಕೆ" ಎಂದು ಶುರುವಾಗುವ ವಾಕ್ಯ ಬಂದರೆ ಅಲ್ಲೇ ಪೆನ್ನು ನಿಲ್ಲಿಸಿ. ನನಗೇ ಯಾಕೆ ಹೀಗೆ, ಅವನು ಯಾಕೆ ಹಾಗಂದ, ಇಂಥ ಪ್ರಶ್ನೆಗೆ ರಾತ್ರಿ ಒಂಬತ್ತು ಗಂಟೆಗೆ ಒಬ್ಬರೇ ಕೂತು ಉತ್ತರ ಕಂಡುಹಿಡಿಯಲು ಆಗುವುದಿಲ್ಲ. "ಏನಾಯ್ತು, ಆಮೇಲೆ ಏನ್ ಮಾಡಿದೆ" ಎಂದು ತಿರುಗಿಸಿ ಬರೆಯಿರಿ.

ಹೆಜ್ಜೆ 4: ಅಂಕ, ಮತ್ತು ನಾಳೆಗೆ ಒಂದು ಊಹೆ

ಇಡೀ ಪದ್ಧತಿಯ ಜೀವ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಖಿನ್ನತೆಯಲ್ಲಿ ಒಂದು ಸುತ್ತು ಇದೆ. ಮನಸ್ಸಿಲ್ಲ ಎಂದು ಕೆಲಸ ಬಿಡುತ್ತೇವೆ. ಜನರನ್ನು ತಪ್ಪಿಸುತ್ತೇವೆ. ಬಿಟ್ಟಾಗ ಆ ಹೊತ್ತಿಗೆ ನೆಮ್ಮದಿ ಅನ್ನಿಸುತ್ತದೆ. ಆದರೆ ಅದರಿಂದ ಸಿಗುತ್ತಿದ್ದ ಚೂರುಪಾರು ಖುಷಿಯೂ ಹೋಗುತ್ತದೆ. ಆಗ ಮನಸ್ಸು ಇನ್ನೂ ಕುಗ್ಗುತ್ತದೆ. ಇನ್ನೂ ಬಿಡುತ್ತೇವೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೇಲೆಯೇ ಚಿಕಿತ್ಸೆ ಕಟ್ಟಿದರು: ಮನಸ್ಸು ಬರುವವರೆಗೆ ಕಾಯಬೇಡಿ, ಮೊದಲು ಸಣ್ಣದಾಗಿ ಮಾಡಿ, ಮನಸ್ಸು ಹಿಂದೆ ಬರುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಅವರ ತಂಡ ಇದನ್ನು ಪೂರ್ತಿ ಪ್ರಮಾಣದ ಮನೋಚಿಕಿತ್ಸೆಯ ಜೊತೆ ಹೋಲಿಸಿ ನೋಡಿತು. ಚಟುವಟಿಕೆಯ ಭಾಗವೊಂದೇ ಇಡೀ ಚಿಕಿತ್ಸೆಯಷ್ಟೇ ಫಲ ಕೊಟ್ಟಿತ್ತು.

ನಮ್ಮ ಪಕ್ಕದ ಗೋವಾದಲ್ಲೂ ಇದರ ಪರೀಕ್ಷೆ ನಡೆದಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಖಿನ್ನತೆ ತೀವ್ರವಾಗಿದ್ದ ಜನರಿಗೆ ಈ ಬಗೆಯ ಸಮಾಲೋಚನೆ ಕೊಟ್ಟರು. ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 6ರಿಂದ 8 ಸಲ ಕೂತು ಮಾತಾಡುವುದು, ಅಷ್ಟೇ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಮೂಲು ಆರೈಕೆ ಮಾತ್ರ ಸಿಕ್ಕವರಿಗಿಂತ ಇವರು ಜಾಸ್ತಿ ಚೇತರಿಸಿಕೊಂಡಿದ್ದರು.

ಇದನ್ನು ಪುಸ್ತಕಕ್ಕೆ ಇಳಿಸುವುದು ಹೇಗೆ ಎಂದು ನೋಡೋಣ.

ಎರಡನೇ ವಾರದಿಂದ ಪ್ರತಿ ಸಾಲಿನ ಮುಂದೆ ಎರಡು ಅಂಕ ಹಾಕಿ, 0ಯಿಂದ 10ರೊಳಗೆ. ಒಂದು ಖುಷಿಗೆ. ಇನ್ನೊಂದು ಮಾಡಿ ಮುಗಿಸಿದ ಸಮಾಧಾನಕ್ಕೆ. ಎರಡು ಯಾಕೆ ಬೇಕೆಂದರೆ, ಖಿನ್ನತೆಯಲ್ಲಿ ಖುಷಿ ಕೊನೆಗೆ ಬರುತ್ತದೆ, ಸಮಾಧಾನ ಮೊದಲು ಬರುತ್ತದೆ. ಕರೆಂಟ್ ಬಿಲ್ ಕಟ್ಟಿ ಬಂದರೆ ಖುಷಿ 0 ಇರಬಹುದು, ಸಮಾಧಾನ 5 ಇರುತ್ತದೆ. ಒಂದೇ ಅಂಕ ಇದ್ದಿದ್ದರೆ ಈ 5 ಕಾಣುತ್ತಲೇ ಇರಲಿಲ್ಲ.

ಪುಟದ ಕೆಳಗೆ ನಾಳೆಯ ಒಂದು ಕೆಲಸ ಬರೆಯಿರಿ. ಒಂದೇ ಒಂದು. ಅದರ ಪಕ್ಕ, ಅದು ಎಷ್ಟು ಖುಷಿ ಕೊಡಬಹುದು ಎಂದು ನಿಮ್ಮ ಊಹೆಯ ಅಂಕ. ಮಾರನೇ ದಿನ ಮಾಡಿದಮೇಲೆ ನಿಜವಾದ ಅಂಕ.

ಗುರುವಾರಕ್ಕೆ: ಸಂಜೆ 5:30ಕ್ಕೆ ಹಾಲಿನ ಬೂತ್‌ವರೆಗೆ ನಡೆದು ಬರೋದು. ಊಹೆ 1.
ಗುರುವಾರ ರಾತ್ರಿ: ಹೋಗಿ ಬಂದೆ. ಖುಷಿ 3, ಸಮಾಧಾನ 6. ಬೂತ್ ಅಂಕಲ್ ಏನೋ ಕೇಳಿದ್ರು, ಉತ್ತರ ಕೊಟ್ಟೆ.

ಖಿನ್ನತೆ ಇದ್ದಾಗ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಕೆಳಗೇ ಇರುತ್ತದೆ. "ಹೋದರೂ ಏನು ಪ್ರಯೋಜನ" ಎಂದು ಮನಸ್ಸು ಹೇಳುತ್ತಲೇ ಇರುತ್ತದೆ, ಅಂಕ ಬೇರೆ ಹೇಳುತ್ತದೆ. ಯಾರೋ ಬಂದು "ಹೊರಗೆ ಹೋಗು, ಸರಿಹೋಗ್ತೀಯ" ಎಂದರೆ ಸಿಟ್ಟು ಬರುತ್ತದೆ. ನಿಮ್ಮದೇ ಕೈಬರಹದಲ್ಲಿ "ಊಹೆ 1, ನಿಜ 3" ಎಂದು ಹತ್ತು ಸಲ ಇದ್ದರೆ ಅದರ ಜೊತೆ ಜಗಳ ಆಡುವುದು ಕಷ್ಟ.

ಊಹೆಗಿಂತ ನಿಜ ಕಮ್ಮಿ ಬರುವ ದಿನಗಳೂ ಇರುತ್ತವೆ. ಮದುವೆ ಮನೆಗೆ ಹೋದೆ, ಊಹೆ 4, ನಿಜ 0. ಅದನ್ನೂ ಹಾಗೆಯೇ ಬರೆಯಿರಿ. ಐನೂರು ಜನರ ಛತ್ರ ಈಗ ನಿಮಗೆ ಆಗುವುದಿಲ್ಲ, ಒಬ್ಬ ಗೆಳತಿಯ ಮನೆ ಆಗುತ್ತದೆ ಎಂದು ಗೊತ್ತಾದರೆ ಅದೂ ಉಪಯೋಗದ ಮಾಹಿತಿಯೇ.

ಕೆಲಸ ಎಷ್ಟು ಸಣ್ಣದಿರಬೇಕು? ನೀವು ಅಂದುಕೊಂಡದ್ದಕ್ಕಿಂತ ಸಣ್ಣದು. "ಮನೆ ಕ್ಲೀನ್ ಮಾಡೋದು" ಬೇಡ, "ಸಿಂಕಲ್ಲಿರೋ ನಾಲ್ಕು ಲೋಟ ತೊಳೆಯೋದು" ಸರಿ. "ವಾಕಿಂಗ್ ಶುರು ಮಾಡೋದು" ಬೇಡ, "ಚಪ್ಪಲಿ ಹಾಕ್ಕೊಂಡು ಗೇಟ್ ತನಕ ಹೋಗೋದು" ಸರಿ. ಗಂಟೆ ಬರೆಯಿರಿ, ಜಾಗ ಬರೆಯಿರಿ. ಎರಡು ದಿನ ಸತತವಾಗಿ ಆಗದಿದ್ದರೆ ಕೆಲಸ ದೊಡ್ಡದಾಯಿತು ಎಂದರ್ಥ. ಅರ್ಧ ಮಾಡಿ. ಕೂದಲು ಬಾಚಿಕೊಳ್ಳುವುದೂ ಒಂದು ಕೆಲಸವೇ. ಅದೂ ಕಷ್ಟವಾಗುವ ದಿನಗಳು ಇರುತ್ತವೆ ಎಂದು ಅನುಭವಿಸಿದವರಿಗೆ ಗೊತ್ತು.

ಹೆಜ್ಜೆ 5: ಭಾನುವಾರದ ಓದು

ವಾರದ ನಡುವೆ ಹಿಂದಿನ ಪುಟ ತಿರುವಬೇಡಿ. ಭಾನುವಾರ ಬೆಳಗಿನ ತಿಂಡಿ ಆದಮೇಲೆ, ಏಳೂ ದಿನ ಒಟ್ಟಿಗೆ ಓದಿ. ಓದುವ ಮೊದಲು ಒಂದು ಚೀಟಿಯ ಮೇಲೆ "ಈ ವಾರ ಹೇಗಿತ್ತು" ಎಂದು ಒಂದೇ ಮಾತಲ್ಲಿ ಬರೆದುಕೊಳ್ಳಿ. ಬಹುತೇಕ "ದಂಡ" ಎಂದೇ ಬರುತ್ತದೆ. ಆಮೇಲೆ ಪುಟಗಳನ್ನು ನೋಡಿ.

ಜಾಸ್ತಿ ಅಂಕ ಬಂದ ಸಾಲುಗಳಿಗೆ ಗೆರೆ ಎಳೆಯಿರಿ. ಅಲ್ಲಿ ಯಾರಿದ್ದರು? ಮನೆಯೊಳಗಾ, ಹೊರಗಾ? ಎಷ್ಟು ಗಂಟೆಗೆ? ಕೆಲವರಿಗೆ ಬಿಸಿಲಿಗೆ ಬಂದ ದಿನಗಳೆಲ್ಲ ಒಂದು ಅಂಕ ಮೇಲಿರುತ್ತವೆ. ಇನ್ನು ಕೆಲವರಿಗೆ ರಾತ್ರಿ ಒಂದು ಗಂಟೆವರೆಗೆ ಫೋನ್ ಹಿಡಿದ ಮಾರನೇ ದಿನ ನೆಲಕಚ್ಚಿರುತ್ತದೆ. ಕುಡಿಯುವವರಿಗೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕುಡಿದ ಸಂಜೆಗೆ 6, ಮಾರನೇ ಎರಡು ದಿನಕ್ಕೆ 1 ಮತ್ತು 1. ಹೆಂಗಸರು ಮುಟ್ಟಿನ ದಿನಗಳನ್ನು ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೆ ಹಿಂದಿನ ವಾರ ಪ್ರತಿ ತಿಂಗಳೂ ಮನಸ್ಸು ಕುಸಿಯುತ್ತಿದ್ದರೆ ವೈದ್ಯರಿಗೆ ಹೇಳಬೇಕಾದ ವಿಷಯ ಅದು.

ಕಂಡುಕೊಂಡ ಒಂದೇ ವಿಷಯವನ್ನು ಮುಂದಿನ ವಾರಕ್ಕೆ ಒಯ್ಯಿರಿ. ಹತ್ತು ತೀರ್ಮಾನ ಮಾಡಿದರೆ ಸೋಮವಾರವೇ ಹನ್ನೊಂದನೆಯದು "ನನ್ನ ಕೈಲಾಗಲ್ಲ" ಎಂದಿರುತ್ತದೆ.

ಒಂದು ಎಚ್ಚರಿಕೆ. ಅಂಕಗಳು ಇದ್ದಕ್ಕಿದ್ದಂತೆ 9, 10ಕ್ಕೆ ಹಾರಿ, ಮೂರು ಗಂಟೆ ನಿದ್ದೆ ಮಾಡಿದರೂ ಸುಸ್ತೇ ಇಲ್ಲ, ಮಾತು ನಿಲ್ಲುತ್ತಿಲ್ಲ, ದುಡ್ಡು ಖರ್ಚಾಗುತ್ತಿದೆ ಎಂದಾದರೆ ಗುಣವಾಯಿತು ಎಂದುಕೊಳ್ಳಬೇಡಿ. ಅದು ಬೈಪೋಲಾರ್ ಕಾಯಿಲೆಯ ಲಕ್ಷಣ ಇರಬಹುದು. ಅದರ ಔಷಧಿ ಬೇರೆ. ಬೇಗ ಮನೋವೈದ್ಯರಿಗೆ ತೋರಿಸಿ.

ಹೆಜ್ಜೆ 6: ಕಚ್ಚಿಕೊಂಡಿರುವ ಒಂದು ಯೋಚನೆಗೆ ಒಂದು ಪುಟ

ಮೂರ್ನಾಲ್ಕು ವಾರ ಆದಮೇಲೆ, ಸ್ವಲ್ಪ ತ್ರಾಣ ಬಂದಿದೆ ಅನ್ನಿಸಿದರೆ ಮಾತ್ರ ಇದು. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಲು ಶುರುಮಾಡಿದ ಚಿಕಿತ್ಸೆಯಿಂದ ಬಂದದ್ದು. ಪುಟವನ್ನು ನಾಲ್ಕು ಭಾಗ ಮಾಡಿ. ಏನಾಯ್ತು, ತಲೆಗೆ ಏನು ಬಂತು, ಅದು ನಿಜ ಅನ್ನೋಕೆ ಏನಿದೆ, ಅಲ್ಲ ಅನ್ನೋಕೆ ಏನಿದೆ.

ಏನಾಯ್ತು: ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.
ತಲೆಗೆ ಬಂದದ್ದು: ನನ್ನ ಜೊತೆ ಮಾತಾಡೋಕೆ ಯಾರಿಗೂ ಇಷ್ಟ ಇಲ್ಲ.
ನಿಜ ಅನ್ನೋಕೆ: ಹೋದ ವಾರನೂ ಒಂದ್ಸಲ ಎತ್ತಿರಲಿಲ್ಲ.
ಅಲ್ಲ ಅನ್ನೋಕೆ: ಅವಳಿಗೆ ಸಂಜೆ ಡ್ಯೂಟಿ. ಭಾನುವಾರ ಅವಳೇ ಮಾಡಿದ್ಲು, ಇದೇ ಪುಸ್ತಕದಲ್ಲಿದೆ.

ಕೊನೆಯ ಭಾಗಕ್ಕೆ ಉಪದೇಶ ತುಂಬಬೇಡಿ. "ನಾನು ತುಂಬ ಒಳ್ಳೆಯವಳು, ಎಲ್ಲರೂ ನನ್ನನ್ನ ಪ್ರೀತಿಸ್ತಾರೆ" ಎಂದು ಬರೆದರೆ ನಿಮ್ಮ ಮನಸ್ಸೇ ನಂಬುವುದಿಲ್ಲ. ನಡೆದ ಸಂಗತಿ ಮಾತ್ರ ಬರೆಯಿರಿ. ಸಂಗತಿ ಸಿಗದಿದ್ದರೆ ಹಿಂದಿನ ಪುಟಗಳಲ್ಲಿ ಹುಡುಕಿ. ಅದೂ ಸಿಗದಿದ್ದರೆ ಖಾಲಿ ಬಿಟ್ಟು ಪುಸ್ತಕ ಮುಚ್ಚಿ. ಕೆಲವೊಮ್ಮೆ ಮನಸ್ಸಿಗೆ ಬಂದದ್ದು ನಿಜವೇ ಆಗಿರುತ್ತದೆ. ಸಾಲ ಇದೆ, ಗಂಡ ಹೊಡೆಯುತ್ತಾನೆ, ಕೆಲಸ ಹೋಗಿದೆ. ಅಂಥವು ಯೋಚನೆಯ ದೋಷ ಅಲ್ಲ, ಪುಟ ತುಂಬಿಸಿ ಪರಿಹಾರ ಆಗುವಂಥವೂ ಅಲ್ಲ. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಮನಸ್ಸು ಬಿಚ್ಚಿ ಬರೆಯುವುದು, ಕೃತಜ್ಞತೆಯ ಪಟ್ಟಿ, ಇತ್ಯಾದಿ

ಮೊದಲು ಹೇಳಿದ "ಎಲ್ಲ ಬರೆದುಬಿಡಿ" ಸಲಹೆಯ ಹಿಂದೆಯೂ ಒಂದು ಸಂಶೋಧನೆ ಇದೆ. 1986ರಲ್ಲೇ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ದಿನಾ 15 ನಿಮಿಷ, 4 ದಿನ, ತಮಗೆ ಆಘಾತ ಕೊಟ್ಟ ಘಟನೆ ಬಗ್ಗೆ ಬರೆಯಲು ಹೇಳಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ಘಟನೆಯ ಜೊತೆ ತಮಗೆ ಅನ್ನಿಸಿದ್ದನ್ನೂ ಬರೆದವರು ಡಾಕ್ಟರ ಹತ್ತಿರ ಹೋಗುವುದು ಕಮ್ಮಿಯಾಯಿತು. ಗಮನಿಸಿ, ಅದು 4 ದಿನದ ಕೆಲಸ, ದಿನನಿತ್ಯದ್ದಲ್ಲ. ಬರೆದವರು ಖಿನ್ನತೆಯ ರೋಗಿಗಳೂ ಅಲ್ಲ. ನಿಮಗೆ ಒಂದು ಹಳೆಯ ಸಾವು, ಒಂದು ಮುರಿದ ಸಂಬಂಧ ಕೊರೆಯುತ್ತಿದ್ದರೆ, ಈಗ ಒಂದಿಷ್ಟು ಗಟ್ಟಿಯಾಗಿದ್ದರೆ, ಹಗಲು ಹೊತ್ತಿನಲ್ಲಿ 15 ನಿಮಿಷ ಅಲಾರಂ ಇಟ್ಟುಕೊಂಡು 4 ದಿನ ಬರೆಯಬಹುದು. ಆ ಹಾಳೆ ಹರಿದು ಹಾಕಿದರೂ ಸರಿ. ಬರೆದ ಮೇಲೆ ಒಬ್ಬರೇ ಇರದಂತೆ ನೋಡಿಕೊಳ್ಳಿ. ದೌರ್ಜನ್ಯದಂಥ ಘಟನೆಯಾದರೆ ಸಮಾಲೋಚಕರ ಜೊತೆಯಲ್ಲೇ ಮಾಡುವುದು ಕ್ಷೇಮ.

ಕೃತಜ್ಞತೆಯ ಪಟ್ಟಿ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ. ಚೆನ್ನಾಗಿರುವವರಿಗೆ ಅದು ಒಳ್ಳೆಯದೇ ಮಾಡಬಹುದು. ಖಿನ್ನತೆ ಆಳವಾಗಿರುವವರು "ಒಳ್ಳೆ ಗಂಡ, ಒಳ್ಳೆ ಮಕ್ಕಳು, ಸ್ವಂತ ಮನೆ" ಎಂದು ಬರೆದು, ಮರುಕ್ಷಣ "ಇಷ್ಟಿದ್ದೂ ನನಗೇನು ರೋಗ" ಎಂದು ತಮಗೇ ಬೈದುಕೊಳ್ಳುತ್ತಾರೆ. ಬರೆಯಲೇಬೇಕು ಅಂದರೆ ಇವತ್ತಿನ ಒಂದು ಚಿಕ್ಕ ಸಂಗತಿ ಬರೆಯಿರಿ. "ಇಡ್ಲಿ ಮೆತ್ತಗಿತ್ತು" ಅಂದರೂ ನಡೆಯುತ್ತದೆ.

ನಿದ್ದೆಗೆ ಮಾತ್ರ ಒಂದು ಸುಲಭದ ಉಪಾಯ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುಂಚೆ 5 ನಿಮಿಷ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರು. 57 ಜನ ಆರೋಗ್ಯವಂತ ಯುವಕರ ಸಣ್ಣ ಅಧ್ಯಯನ ಅದು. ಆದರೂ "ನಾಳೆ ಮರೆತುಬಿಟ್ಟರೆ" ಎಂದು ಮಗ್ಗುಲು ಬದಲಿಸುವವರು ಮಾಡಿ ನೋಡಬಹುದು, ಕಳೆದುಕೊಳ್ಳುವುದೇನಿಲ್ಲ.

ತಪ್ಪಿದ ದಿನಗಳು

ತಪ್ಪುತ್ತವೆ. ಹಿಂದಿನದನ್ನು ತುಂಬಲು ಹೋಗಬೇಡಿ. ಇವತ್ತಿನ ತಾರೀಕು ಹಾಕಿ ಮುಂದುವರಿಸಿ. ಬಿಟ್ಟ ದಿನಗಳೂ ಒಂದು ಮಾಹಿತಿ, ತಾರೀಕುಗಳ ನಡುವಿನ ಅಂತರ ನೋಡಿದರೆ ಯಾವಾಗ ಕೈ ಸೋತಿತ್ತು ಎಂದು ತಿಳಿಯುತ್ತದೆ. ತೀರಾ ಆಗದ ದಿನ ಒಂದು ಅಂಕ ಮಾತ್ರ ಬರೆದು ಮಲಗಿ.

ಬರೆಯಲು ಬಾರದ ಹಿರಿಯರು ಫೋನಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಡಬಹುದು. ಬಾಣಂತಿಯರಿಗೆ ಪೆನ್ನು ಹಿಡಿಯಲು ಕೈಯೇ ಖಾಲಿ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಒಂದು ಅಂಕ ಸಾಕು. ಹೆರಿಗೆಯ ನಂತರದ ಅಳು ಎರಡು ವಾರ ದಾಟಿಯೂ ಮುಂದುವರಿದರೆ ಆ ಕ್ಯಾಲೆಂಡರ್ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಆಗ ವೈದ್ಯರಿಗೆ ತೋರಿಸಲೇಬೇಕು.

ಮನೆಯವರಿಗೆ ಒಂದು ಮಾತು: ಕೇಳದೆ ಆ ಪುಸ್ತಕ ತೆರೆಯಬೇಡಿ. "ಇವತ್ತು ಬರೆದ್ಯಾ?" ಎಂದು ಹೋಮ್‌ವರ್ಕ್ ಥರ ವಿಚಾರಿಸಬೇಡಿ. "ನಾಳೆ ಕೆಲಸ ಏನು ಬರೆದಿದೀಯ, ನಾನೂ ಜೊತೆಗೆ ಬರ್ಲಾ?" ಎಂದು ಕೇಳಿದರೆ ಅದು ನಿಜವಾದ ಸಹಾಯ. ಜೀವಕ್ಕೇ ಅಪಾಯ ಇದೆ ಅನ್ನಿಸಿದರೆ ಪುಸ್ತಕದಲ್ಲಿ ಹುಡುಕುವುದಕ್ಕಿಂತ ನೇರವಾಗಿ ಕೇಳಿಬಿಡಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ವೈದ್ಯರ ಹತ್ತಿರ ಹೋಗುವಾಗ

ನಾಲ್ಕು ವಾರ ಬರೆದೂ ಅಂಕಗಳು ಅಲ್ಲೇ ಇದ್ದರೆ, ಅಥವಾ ಇಳಿಯುತ್ತಿದ್ದರೆ, ಇನ್ನೂ ನಾಲ್ಕು ವಾರ ನೋಡೋಣ ಎಂದು ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು, ಆದರೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಪುಸ್ತಕ ಪೂರ್ತಿ ತೋರಿಸಬೇಕಿಲ್ಲ. ಜನಜಂಗುಳಿಯ ಒ.ಪಿ.ಡಿ.ಯಲ್ಲಿ ಡಾಕ್ಟರಿಗೆ ನಿಮ್ಮ ಜೊತೆ ಸಿಗುವುದು ಕೆಲವೇ ನಿಮಿಷ. ಒಂದು ಹಾಳೆಗೆ ಇಳಿಸಿ: ಯಾವಾಗಿನಿಂದ ಹೀಗಿದೆ. ವಾರದ ಸರಾಸರಿ ಅಂಕ ಎಷ್ಟು. ಎಷ್ಟು ಗಂಟೆಗೆ ಮಲಗಿ ಎಷ್ಟು ಗಂಟೆಗೆ ಏಳುತ್ತೀರಿ. ತೂಕ ಇಳಿದಿದೆಯೇ. ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ. ಸಾಯುವ ಯೋಚನೆ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಬಾಯಲ್ಲಿ ಹೇಳಲು ಆಗದಿದ್ದರೆ ಹಾಳೆ ಕೈಗೆ ಕೊಟ್ಟುಬಿಡಿ.

ಮಾತ್ರೆ ಶುರುವಾದರೆ ಅದರ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆದರೆ ಹೊಟ್ಟೆ ತೊಳಸುವುದು, ತಲೆನೋವಿನಂಥ ತೊಂದರೆಗಳು ಮೊದಲ ದಿನಗಳಲ್ಲೇ ಬರಬಹುದು. ಎಷ್ಟೋ ಜನ ಮಾತ್ರೆ ಬಿಟ್ಟುಬಿಡುವುದು ಈ ನಡುವಿನ ಅವಧಿಯಲ್ಲೇ. ಶುರುವಾದ ದಿನವನ್ನು ಪುಸ್ತಕದಲ್ಲಿ ಗುರುತು ಮಾಡಿ, ತೊಂದರೆಯನ್ನು ತಾರೀಕಿನ ಜೊತೆ ಬರೆಯಿರಿ. ತಳಮಳ ಜಾಸ್ತಿಯಾದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ. ನಾಲ್ಕನೇ ವಾರ ಮೊದಲ ವಾರದ ಅಂಕದ ಜೊತೆ ಹೋಲಿಸಿ. ನಿದ್ದೆ ಮೊದಲು ಸರಿಹೋಗಿರುತ್ತದೆ, ಮನಸ್ಸು ಆಮೇಲೆ. ನಿಮಗೇ ಗೊತ್ತಾಗದ ಬದಲಾವಣೆ ಅಲ್ಲಿ ಕಾಣಬಹುದು. ಚೆನ್ನಾಗಿದ್ದೇನೆ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸುವುದಕ್ಕೂ ನಿಧಾನವಾಗಿ ಇಳಿಸುವ ಕ್ರಮ ಇದೆ.

ಡಾಕ್ಟರು ಹೇಳಿದ್ದನ್ನು ಆ ಹಾಳೆಯ ಹಿಂಬದಿಗೆ ಅಲ್ಲೇ ಬರೆದುಕೊಳ್ಳಿ: ಮಾತ್ರೆಯ ಹೆಸರು, ಯಾವ ಹೊತ್ತಿಗೆ, ಮತ್ತೆ ಯಾವತ್ತು ಬರಬೇಕು. ಖಿನ್ನತೆಯಲ್ಲಿ ಮರೆವು ಜಾಸ್ತಿ, ಬಸ್ ಹತ್ತುವಷ್ಟರಲ್ಲಿ ಅರ್ಧ ಮರೆತಿರುತ್ತದೆ.